ಹರೆಯದ ಮಗು ಮಾತು ಬಿಟ್ಟಾಗ

ತುಮಕೂರು ಜಿಲ್ಲೆ ಕಂದಾಯದ ಲೆಕ್ಕದಲ್ಲಿ ಒಂದು. ಪರೀಕ್ಷೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಈ ಜಿಲ್ಲೆಗೆ ರಾಜ್ಯದಲ್ಲಿ ಎಷ್ಟನೆಯ ಸ್ಥಾನ, ಹೋದ ವರ್ಷಕ್ಕಿಂತ ಮೇಲೇರಿತೋ ಕೆಳಗಿಳಿಯಿತೋ ಎಂಬ ಚರ್ಚೆ ಹೋಟೆಲಿನ ಬೆಂಚಿನ ಮೇಲೂ ನಡೆಯುತ್ತದೆ. ಯಾವ ಶಾಲೆಗೆ ನೂರಕ್ಕೆ ಎಷ್ಟು ಎಂಬುದನ್ನು ಬಾಯಿಪಾಠವಾಗಿ ಒಪ್ಪಿಸುವವರೂ ಇದ್ದಾರೆ. ಮಕ್ಕಳ ಅಂಕಗಳನ್ನು ಇಷ್ಟು ಚೊಕ್ಕವಾಗಿ ಎಣಿಸುವ ನಾವು, ಅದೇ ಮಕ್ಕಳಲ್ಲಿ ಎಷ್ಟು ಮಂದಿ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ, ಎಷ್ಟು ಮಂದಿ ತಟ್ಟೆಯ ಮುಂದೆ ಕುಳಿತು ಮುದ್ದೆಯನ್ನು ಮುರಿಯದೆ ಎದ್ದುಹೋಗುತ್ತಾರೆ ಎಂದು ಎಣಿಸುವುದಿಲ್ಲ.

ಎಣಿಸಿದವರು ಇಲ್ಲದೆ ಇಲ್ಲ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಅದರಲ್ಲಿ 13ರಿಂದ 17 ವರ್ಷದ ಮಕ್ಕಳನ್ನೂ ಕೆಲವು ರಾಜ್ಯಗಳಲ್ಲಿ ಪರೀಕ್ಷಿಸಿ ನೋಡಿದರು. ನೂರಕ್ಕೆ 7ರಷ್ಟು ಮಕ್ಕಳಿಗೆ ಚಿಕಿತ್ಸೆ ಬೇಕಾಗುವಂಥ ಯಾವುದಾದರೊಂದು ಮಾನಸಿಕ ತೊಂದರೆ ಇದ್ದುದು ಕಂಡುಬಂತು. 60 ಮಕ್ಕಳ ಒಂದು ತರಗತಿ ಎಂದಿಟ್ಟುಕೊಂಡರೆ ನಾಲ್ವರಾದರು. ನಾಲ್ವರು ಎಂದರೆ ಒಂದು ಬೆಂಚು. ಆ ಬೆಂಚಿನಲ್ಲಿ ನಮ್ಮ ಮಗು ಕುಳಿತಿರಲಾರದು ಎಂದು ಪ್ರತಿಯೊಬ್ಬ ತಂದೆಯೂ ತಾಯಿಯೂ ನಂಬಿರುತ್ತಾರೆ, ನಂಬುವುದು ಸಹಜವೇ.

ಒಂದು ಮನೆಯನ್ನು ನೀವು ಮನಸ್ಸಿನಲ್ಲಿ ತಂದುಕೊಳ್ಳಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಎಲ್ಲಿ ಬೇಕಾದರೂ ಇರಬಹುದು. ಮಳೆಯನ್ನು ನಂಬಿದ ಎರಡೆಕರೆ ಕಡಲೇಕಾಯಿ ಹೊಲ, ಎರಡು ಹಸು, ಪಿ.ಯು.ಸಿ. ಓದುತ್ತಿರುವ ಹದಿನಾರು ವರ್ಷದ ಮಗ. ಮೊನ್ನೆ ಮೊನ್ನೆಯವರೆಗೂ ಸಂಜೆಯಾದರೆ ಬ್ಯಾಟು ಹಿಡಿದು ಓಡುತ್ತಿದ್ದವನು ಈಗ ಗೆಳೆಯ ಬಂದು ಕೂಗಿದರೆ “ಇಲ್ಲ ಅನ್ನಮ್ಮ” ಎಂದು ಒಳಗಿನಿಂದಲೇ ಹೇಳುತ್ತಾನೆ. ತಾಯಿ, “ಯಾಕಪ್ಪಾ, ಊಟ ಸೇರ್ತಿಲ್ವಾ?” ಎಂದರೆ “ಏನಿಲ್ಲಮ್ಮ” ಎಂಬುದೇ ಉತ್ತರ. ತಂದೆಗೆ ಇದು ಮೈಗಳ್ಳತನವಾಗಿ ಕಾಣುತ್ತದೆ. ಅಜ್ಜಿಗೆ ಯಾರದೋ ಕಣ್ಣು ಬಿದ್ದಂತೆ ಕಾಣುತ್ತದೆ. ಪಕ್ಕದ ಮನೆಯವರು, “ಎಲ್ಲಾ ಆ ಮೊಬೈಲಿನ ಮಹಿಮೆ” ಎಂದು ತೀರ್ಪು ಕೊಡುತ್ತಾರೆ. ಚಿಕ್ಕಪ್ಪ, “ವಯಸ್ಸು ಹಂಗೆ, ಸರಿಹೋಗ್ತಾನೆ ಬಿಡಣ್ಣ” ಎನ್ನುತ್ತಾನೆ. ಹೀಗೆ ನಾಲ್ವರು ನಾಲ್ಕು ಕಾರಣ ಕಂಡುಹಿಡಿಯುವುದರೊಳಗೆ ಮೂರು ತಿಂಗಳು ಕಳೆದಿರುತ್ತದೆ. ಆ ಮೂರು ತಿಂಗಳೂ ಹುಡುಗ ಒಬ್ಬನೇ.

ಚಿಕ್ಕಪ್ಪನ ಮಾತನ್ನು ತಳ್ಳಿಹಾಕುವಂತಿಲ್ಲ. ಹರೆಯವೆಂಬುದು ಮುನಿಸಿನ ಕಾಲ. ಬಾಗಿಲು ಹಾಕಿಕೊಳ್ಳುವುದು, ಎದುರು ಮಾತನಾಡುವುದು, ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲುವುದು, ಇವೆಲ್ಲ ಕಾಯಿಲೆಯಾದರೆ ಲೋಕದಲ್ಲಿ ಆರೋಗ್ಯವಂತರೇ ಇರಲಾರರು. ಹಾಗಾದರೆ ಹರೆಯದ ಮುನಿಸು ಯಾವುದು, ಕಾಯಿಲೆ ಯಾವುದು? ವೈದ್ಯರು ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಮೊದಲನೆಯದು ಅವಧಿ: ಬೇಸರವಾಗಲಿ, ಸಿಡುಕಾಗಲಿ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದಾಗಲಿ ಎರಡು ವಾರಕ್ಕೂ ಮೀರಿ ದಿನದ ಬಹು ಭಾಗ ಮುಸುಕಿಕೊಂಡೇ ಇದೆಯೆ? ಎರಡನೆಯದು ನಡೆವಳಿ: ಊಟ, ನಿದ್ದೆ, ಸ್ನಾನ, ಓದು, ಗೆಳೆತನ ಇವುಗಳಲ್ಲಿ ಎಷ್ಟು ಕೆಟ್ಟಿದೆ? ಮುನಿಸಿಕೊಂಡ ಹುಡುಗ ಅಪ್ಪನೊಡನೆ ಮಾತು ಬಿಡುತ್ತಾನೆ, ಆದರೆ ಗೆಳೆಯನೊಡನೆ ಬಿಡುವುದಿಲ್ಲ. ಅಪ್ಪ, ಅಮ್ಮ, ಗೆಳೆಯ, ಆಟ, ತನಗಿಷ್ಟವಾದ ತಿಂಡಿ ಎಲ್ಲವನ್ನೂ ಒಟ್ಟಿಗೆ ಬಿಟ್ಟವನು ಮುನಿಸಿಕೊಂಡಿಲ್ಲ; ಅವನಿಗೆ ಏನೋ ಆಗಿದೆ.

ಇನ್ನೊಂದು ವಿಷಯ ಹಳ್ಳಿಯ ತಾಯಂದಿರಿಗೆ ತಿಳಿದಿದ್ದರೆ ಒಳ್ಳೆಯದು. ದೊಡ್ಡವರಿಗೆ ಖಿನ್ನತೆ ಬಂದರೆ ಅಳು ಬರುತ್ತದೆ. ಈ ವಯಸ್ಸಿನವರಿಗೆ ಅನೇಕ ಸಾರಿ ಕೋಪ ಬರುತ್ತದೆ. ಇಲ್ಲವೆ ಅದು ಮೈನೋವಾಗಿ ಕಾಣಿಸಿಕೊಳ್ಳುತ್ತದೆ: ದಿನವೂ ತಲೆನೋವು, ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಹೊಟ್ಟೆನೋವು ಸುಳ್ಳಲ್ಲ. ಮನಸ್ಸು ಕಟ್ಟಿದರೆ ಹೊಟ್ಟೆಯೂ ಕಟ್ಟುತ್ತದೆ ಎಂಬುದು ಪರೀಕ್ಷೆಯ ಹಿಂದಿನ ರಾತ್ರಿ ಯಾರಿಗೆ ಅನುಭವವಾಗಿಲ್ಲ? ಹಾಗೆಯೇ ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತಿದೆ ಎನ್ನುವುದು, ಊರವರೆಲ್ಲ ತನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಹೆದರುವುದು, ನಿದ್ದೆಯೇ ಇಲ್ಲದೆ ದಿನಗಟ್ಟಲೆ ಓಡಾಡುವುದು ಕಂಡರೆ ಎರಡು ವಾರವೂ ಕಾಯಬೇಕಾಗಿಲ್ಲ. ಅಂದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು.

ಮೊಬೈಲಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲು ನೋಡುವುದರಿಂದ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ. ಅದು ನಿಜ. ಆದರೆ ಎಷ್ಟೋ ಸಾರಿ ನಿದ್ದೆ ಬಾರದೆ, ಮನಸ್ಸಿನ ಸಂಕಟ ತಾಳಲಾರದೆ ಮಗು ಮೊಬೈಲಿನೊಳಗೆ ಅವಿತುಕೊಂಡಿರುತ್ತದೆ. ಸಿಟ್ಟಿನಿಂದ ಅದನ್ನು ಕಸಿದುಕೊಂಡ ತಂದೆ, ಅಡಗಿಕೊಂಡ ಜಾಗವನ್ನು ಕಿತ್ತನೇ ಹೊರತು ಅಟ್ಟಿಸಿಕೊಂಡು ಬಂದದ್ದನ್ನು ಓಡಿಸಿದಂತಾಗಲಿಲ್ಲ.

ಈ ಮೂರು ತಿಂಗಳಲ್ಲಿ ಮನೆಯವರು ಸುಮ್ಮನೆ ಕುಳಿತಿರುತ್ತಾರೆಯೆ? ಇಲ್ಲ. ಒಂದು ಶನಿವಾರ ಪಾವಗಡದ ಶನಿಮಹಾತ್ಮನ ಗುಡಿ, ಒಂದು ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿ, ತೋಳಿಗೆ ತಾಯತ, ಸಿದ್ಧರಬೆಟ್ಟದ ಗಿಡಮೂಲಿಕೆ. ಹರಕೆ ತಪ್ಪು ಎಂದು ಹೇಳುವುದು ನನ್ನ ಉದ್ದೇಶವಲ್ಲ. ದೇವರ ಮುಂದೆ ಕೈಮುಗಿದು ಅತ್ತು ಬಂದ ತಾಯಿಗೆ ನಾಲ್ಕು ದಿನ ಧೈರ್ಯ ಬರುವುದಾದರೆ ಅದು ಮನೆಗೆಲ್ಲ ಒಳ್ಳೆಯದೇ. ದೇವರು ಡಾಕ್ಟರ ಬಳಿಗೆ ಹೋಗಬೇಡಿರೆಂದು ಎಂದೂ ಹೇಳಿದವನಲ್ಲ. ಹಾಗೆ ಹೇಳುವವರು ನಡುವಿನ ಮನುಷ್ಯರು. “ಗಾಳಿ ಸೋಕಿದೆ, ಉಪವಾಸ ಕೆಡವಿ, ಕಟ್ಟಿಹಾಕಿ, ಹೊಡೆದರೆ ಬಿಡುತ್ತದೆ” ಎನ್ನುವವನ ಮನೆಯಿಂದ ಮಗುವಿನ ಕೈಹಿಡಿದು ಎದ್ದು ಬನ್ನಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು, 28 ಪ್ರಾಣಗಳು. ಅವರನ್ನು ಅಲ್ಲಿ ಬಿಟ್ಟುಬಂದವರೂ ಕೆಟ್ಟವರಾಗಿರಲಿಲ್ಲ. ವಾಸಿಯಾಗಲೆಂದೇ ಬಿಟ್ಟು ಬಂದಿದ್ದರು. ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆ.

ಹೆಣ್ಣುಮಗುವಿನ ವಿಷಯದಲ್ಲಿ ಇನ್ನೊಂದು ಮದ್ದು ಹೇಳುವವರುಂಟು: “ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ.” ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯಂತೆ ಅಪರಾಧವೆಂಬುದು ಒಂದು ಕಡೆಗಿರಲಿ, ತನ್ನ ಮನೆಯಲ್ಲಿ, ತನ್ನ ತಾಯಿಯ ಪಕ್ಕದಲ್ಲಿ ನಿದ್ದೆ ಬಾರದವಳಿಗೆ ಅಪರಿಚಿತರ ಮನೆಯಲ್ಲಿ ಹೇಗೆ ಬಂದೀತು?

ಅಂತೂ ಡಾಕ್ಟರ ಬಳಿಗೆ ಹೋಗಬೇಕು ಎಂದು ಮನೆಯವರು ನಿಶ್ಚಯಿಸಿದರು ಎನ್ನೋಣ. ಆಗ ಬರುತ್ತದೆ ದೊಡ್ಡ ಭಯ, ಹೆಸರಿನ ಭಯ. ನಮ್ಮ ಕಡೆ ನಿಮ್ಹಾನ್ಸ್ ಎಂಬುದು ಆಸ್ಪತ್ರೆಯ ಹೆಸರಾಗಿರುವಷ್ಟೇ ಬೈಗುಳವೂ ಆಗಿದೆ. “ನಿನ್ನನ್ನ ನಿಮ್ಹಾನ್ಸಿಗೆ ಸೇರಿಸಬೇಕು” ಎಂದು ನಗುತ್ತ ಹೇಳದ ಮನೆ ಕಡಿಮೆ. ಹಾಗೆ ನಕ್ಕ ಮನೆಯಲ್ಲಿಯೇ ಒಂದು ದಿನ ಆ ಹೆಸರು ಹೇಳಬೇಕಾಗಿ ಬಂದಾಗ ನಾಲಗೆ ಹೊರಳುವುದಿಲ್ಲ. ಬೆಂಗಳೂರಿನಲ್ಲಿ ಮನೋರೋಗಿಗಳಿಗಾಗಿ ಆಸ್ಪತ್ರೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಂದಿನ ಹೆಸರು ಹುಚ್ಚರ ಆಸ್ಪತ್ರೆ. 1925ರಲ್ಲಿಯೇ ಮೈಸೂರು ಸರ್ಕಾರ ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಸರ್ಕಾರ ಹೆಸರು ಬದಲಾಯಿಸಿ ನೂರು ವರ್ಷವಾದರೂ ನಮ್ಮ ಬಾಯಿ ಇನ್ನೂ ಬದಲಾಯಿಸಿಲ್ಲ. ಕನ್ನಡದಲ್ಲಿ ಈ ವಿಷಯವನ್ನು ಸಂಕೋಚವಿಲ್ಲದೆ ಬರೆದವರು ಇಲ್ಲವೆಂದಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನೆಲ್ಲ ನಗಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಮನೋರೋಗದ ವಿಷಯವಾಗಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಅನೇಕ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಡಾಕ್ಟರ ಬಾಗಿಲು ತಟ್ಟುವ ಮುಂಚೆ ಅವುಗಳಲ್ಲಿ ಒಂದನ್ನು ಓದಿದರೂ ಭಯ ಅರ್ಧ ಇಳಿದೀತು.

ಆದರೆ ಮೊದಲ ಬಾಗಿಲು ಬೆಂಗಳೂರಿನದಲ್ಲ. ಅದನ್ನು ಒತ್ತಿ ಹೇಳಬೇಕಾಗಿದೆ. ಪಾವಗಡದಿಂದ ತುಮಕೂರಿಗೇ ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಮಧುಗಿರಿಗೆ ಬರುವ ಬಸ್ಸು ನಡುವೆ ಆಂಧ್ರದ ನೆಲವನ್ನು ಹಾದು ಬರಬೇಕು. ಬೆಂಗಳೂರು ಇನ್ನೂ ಆಚೆ. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಹಾಲು ಕರೆಯಲು ಯಾರು ಎಂಬ ಚಿಂತೆ, ಇಷ್ಟನ್ನು ಲೆಕ್ಕ ಹಾಕಿಯೇ ಎಷ್ಟೋ ಜನ ಹೊರಡದೆ ಉಳಿಯುತ್ತಾರೆ. ಈ ತೊಡಕು ತಿಳಿದೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ನಮ್ಮ ಪಾವಗಡದಂತೆಯೇ ಬಿಸಿಲಿನ ಸೀಮೆ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೂ ಊರ ಹತ್ತಿರದಲ್ಲಿಯೇ ಔಷಧ ಸಿಗುವಂತೆ ಮಾಡಿದರು. ಅದು ನಡೆಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮೇಲ್ಪಂಕ್ತಿ. ನಮ್ಮ ಜಿಲ್ಲೆಯ ತುರುವೇಕೆರೆಯಲ್ಲಿಯೂ ನಿಮ್ಹಾನ್ಸ್‌ನವರು ತಾಲ್ಲೂಕು ಮಟ್ಟದಲ್ಲಿ ತೀವ್ರ ಮನೋರೋಗಿಗಳಿಗೆ ಮನೆಯ ಹತ್ತಿರವೇ ಚಿಕಿತ್ಸೆ ನಡೆಸಿದ್ದಾರೆ.

ಆದಕಾರಣ ನಿಮ್ಮ ತಾಲ್ಲೂಕು ಆಸ್ಪತ್ರೆಯಿಂದಲೇ ಪ್ರಾರಂಭಿಸಿ. ಅಲ್ಲಿನ ಸಾಮಾನ್ಯ ವೈದ್ಯರು ಮೊದಲು ಮೈಯನ್ನು ಪರೀಕ್ಷಿಸುತ್ತಾರೆ. ರಕ್ತಹೀನತೆಯಿಂದ, ಥೈರಾಯ್ಡ್ ಗ್ರಂಥಿಯ ದೋಷದಿಂದ ಕೂಡ ಮಗು ಮಂಕಾಗುವುದುಂಟು. ಅದು ಸಣ್ಣ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಟನ್ನು ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಾಡಿತು. ನಿಮ್ಮ ತಾಲ್ಲೂಕಿನ ಸರದಿ ಯಾವ ದಿನ ಎಂಬುದನ್ನು ಆಸ್ಪತ್ರೆಯಲ್ಲಿ ಇಲ್ಲವೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಂಡು ಹೋಗಿ. ಮಂಗಳವಾರ ಒಳ್ಳೆಯ ಕೆಲಸಕ್ಕೆ ಹೊರಡಬಾರದೆಂದು ಅಜ್ಜಿ ತಡೆದರೆ, ಇದು ಕೆಟ್ಟದ್ದನ್ನು ಕಳೆಯುವ ಕೆಲಸ, ಮಂಗಳವಾರವೇ ಪ್ರಶಸ್ತವೆಂದು ಹೇಳಿ. ಹರೆಯದವರಿಗಾಗಿಯೇ ‘ಸ್ನೇಹ’ ಕ್ಲಿನಿಕ್ಕುಗಳೂ ಸರ್ಕಾರಿ ಆಸ್ಪತ್ರೆಗಳಲ್ಲಿ ಏರ್ಪಟ್ಟಿವೆ. ತಾಲ್ಲೂಕಿನಲ್ಲಿ ಆಗದ್ದಕ್ಕೆ ತುಮಕೂರಿನ ಜಿಲ್ಲಾ ಆಸ್ಪತ್ರೆ, ಅಲ್ಲಿಯೂ ಆಗದ್ದಕ್ಕೆ ನಿಮ್ಹಾನ್ಸ್. ಅಲ್ಲಿ ಮಕ್ಕಳಿಗೂ ಹರೆಯದವರಿಗೂ ಬೇರೆಯೇ ವಿಭಾಗ ಇದೆ.

ಮನೆಯಿಂದ ಹೊರಡಲೇ ಆಗದಿದ್ದರೆ ಟೆಲಿಫೋನು ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಸೇವೆಯನ್ನು ಪ್ರಾರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಹಣವಿಲ್ಲದೆ. ಕನ್ನಡವಲ್ಲದೆ ತೆಲುಗು, ಉರ್ದು ಮೊದಲಾದ ಭಾಷೆಗಳಲ್ಲಿಯೂ ಮಾತನಾಡಬಹುದು. ಪಾವಗಡದ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು. ಶಿರಾದ ಎಷ್ಟೋ ಬೀದಿಗಳಲ್ಲಿ ಉರ್ದು. ಸಂಕಟವನ್ನು ತಾಯಿಯ ಮಾತಿನಲ್ಲಿ ಹೇಳಿಕೊಂಡಷ್ಟು ಸುಲಭವಾಗಿ ಶಾಲೆಯ ಮಾತಿನಲ್ಲಿ ಹೇಳಿಕೊಳ್ಳಲಾಗುವುದಿಲ್ಲ.

ಇನ್ನು ನಾನು ಬಹು ಮುಖ್ಯವೆಂದು ತಿಳಿದಿರುವ ವಿಷಯ. ಮಗುವನ್ನು ಹೇಗೆ ಕರೆದುಕೊಂಡು ಹೋಗುತ್ತೀರಿ? ಬಹುಮಟ್ಟಿಗೆ ಸುಳ್ಳು ಹೇಳಿ. “ತುಮಕೂರಿಗೆ ಹೋಗಿ ಬಟ್ಟೆ ತರೋಣ ಬಾರೋ” ಎಂದು ಬಸ್ಸು ಹತ್ತಿಸುವುದು. ಇಳಿದ ಮೇಲೆ ಆಸ್ಪತ್ರೆಯ ಗೇಟು. ಒಳ್ಳೆಯದಕ್ಕೇ ಹೇಳಿದ ಸುಳ್ಳು ಅದು. ಆದರೆ ಅದರ ಬೆಲೆ ಏನೆಂಬುದನ್ನು ನೋಡಿ. ಜ್ವರದ ಹುಡುಗನನ್ನು ಸುಳ್ಳು ಹೇಳಿ ಕರೆತಂದರೂ ಸೂಜಿ ತನ್ನ ಕೆಲಸ ಮಾಡುತ್ತದೆ. ಮನಸ್ಸಿನ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಮಾಡಬೇಕಾದದ್ದು ಆ ಹುಡುಗನ ಮಾತು. ಗೇಟಿನ ಬಳಿಯೇ ಮೋಸಹೋದೆನೆಂದು ತಿಳಿದವನು ಒಳಗೆ ಹೋಗಿ ಬಾಯಿ ಬಿಡುತ್ತಾನೆಯೆ? ಡಾಕ್ಟರೂ ಈ ಸಂಚಿನಲ್ಲಿ ಪಾಲುಗಾರರೆಂದೇ ಅವನು ಎಣಿಸುತ್ತಾನೆ. ಎರಡನೆಯ ಸಲ ಬಟ್ಟೆಯ ಆಸೆ ನಡೆಯುವುದಿಲ್ಲ.

ನಿಜ ಹೇಳುವುದು ಅಷ್ಟು ಕಷ್ಟವೂ ಅಲ್ಲ. ಎಲ್ಲರ ಎದುರಿಗೆ ಬೇಡ. ಅಜ್ಜಿ, ತಂಗಿ, ಪಕ್ಕದ ಮನೆಯವರು ಇರುವಾಗ ಬೇಡ. ಹೊಲಕ್ಕೆ ನೀರು ಕಟ್ಟಲು ಹೋದಾಗ, ಬೈಕಿನಲ್ಲಿ ಒಟ್ಟಿಗೆ ಬರುವಾಗ, ಮುಖಕ್ಕೆ ಮುಖ ಕೊಡಬೇಕಾಗದ ಹೊತ್ತಿನಲ್ಲಿ ಹರೆಯದವರು ಹೆಚ್ಚು ಮಾತನಾಡುತ್ತಾರೆ. “ಯಾಕೆ ಹಿಂಗಾಡ್ತೀಯ” ಎಂದು ಕೇಳಬೇಡಿ. ಅದು ಪ್ರಶ್ನೆಯ ವೇಷದ ಬೈಗುಳ. ಕಂಡದ್ದನ್ನು ಹೇಳಿ: “ಒಂದು ತಿಂಗಳಿಂದ ನೀನು ಸರಿಯಾಗಿ ಊಟ ಮಾಡಿಲ್ಲ ಮಗಾ, ರಾತ್ರಿ ಎದ್ದು ಕೂತಿರ್ತೀಯ. ನಮಗೆ ಏನು ಮಾಡಬೇಕೋ ಗೊತ್ತಾಗ್ತಿಲ್ಲ. ಗೊತ್ತಿರೋರನ್ನ ಕೇಳೋಣ, ನಾನೂ ಜೊತೆಗೆ ಬರ್ತೀನಿ.” ಅಪ್ಪನಿಗೆ ಗೊತ್ತಾಗುತ್ತಿಲ್ಲ ಎಂಬ ಮಾತನ್ನು ಅಪ್ಪನ ಬಾಯಿಂದಲೇ ಕೇಳುವುದು ಆ ವಯಸ್ಸಿನ ಮಗನಿಗೆ ಸಣ್ಣ ವಿಷಯವಲ್ಲ. ಆಮೇಲೆ ಅವನು ಹೇಳಿದ್ದನ್ನು ಕೇಳಿ. ಕೇಳುವುದೆಂದರೆ ನಡುವೆ ಬುದ್ಧಿವಾದ ಹೇಳದಿರುವುದು. “ನಮ್ಮ ಕಾಲದಲ್ಲಿ ನಾವು ಎಂಟು ಮೈಲಿ ನಡೆದು ಶಾಲೆಗೆ ಹೋಗ್ತಿದ್ವಿ” ಎಂಬ ಕಥೆಯನ್ನು ಅಂದೊಂದು ದಿನ ಬಿಟ್ಟುಬಿಡಿ; ಆ ಎಂಟು ಮೈಲಿ ಎಲ್ಲಿಗೂ ಓಡಿಹೋಗುವುದಿಲ್ಲ.

ಅಷ್ಟಾದರೂ ಅವನು ಬರುವುದಿಲ್ಲ ಎಂದರೆ? ನೀವೇ ಹೋಗಿ. ಇದು ಬಹಳ ಜನಕ್ಕೆ ತಿಳಿಯದು. ತಂದೆಯೋ ತಾಯಿಯೋ ಒಬ್ಬರೇ ಹೋಗಿ ಮನೋವೈದ್ಯರ ಮುಂದೆ, ಆಪ್ತಸಮಾಲೋಚಕರ ಮುಂದೆ ಕುಳಿತು ನಡೆದದ್ದನ್ನು ಹೇಳಬಹುದು. 14416ಕ್ಕೂ ಹೆತ್ತವರೇ ಫೋನು ಮಾಡಬಹುದು. ನೋಡದ ಮಗುವಿಗೆ ಅವರು ಔಷಧ ಬರೆದುಕೊಡುವುದಿಲ್ಲ. ಆದರೆ ಮನೆಯಲ್ಲಿ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ತಡಮಾಡಬಾರದು ಎಂಬುದನ್ನು ಹೇಳಿಕೊಡುತ್ತಾರೆ. ಅಪ್ಪ ಹೋಗಿಬಂದ ಜಾಗ ಮಗನಿಗೆ ಮುಂಚಿನಷ್ಟು ಭಯಂಕರವಾಗಿ ಕಾಣುವುದಿಲ್ಲ. ಈ ಚಿಕಿತ್ಸೆಯಲ್ಲಿ ಮನೆಯವರಿಗೆ ಪಾಲುಂಟು ಎಂಬುದು ನಮ್ಮ ದೇಶ ಬಹು ಹಿಂದೆಯೇ ಕಂಡುಕೊಂಡದ್ದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಆವರಣದಲ್ಲಿ ಡೇರೆ ಹಾಕಿಸಿ ಇರಿಸಿಕೊಂಡರು. ತಾಯಿ ಬಡಿಸಿದಳು, ತಂದೆ ಪಕ್ಕದಲ್ಲಿ ಮಲಗಿದ. ರೋಗಿಗಳು ಬೇಗ ಚೇತರಿಸಿಕೊಂಡು ಮನೆಯವರೊಡನೆಯೇ ಹಿಂದಿರುಗಿದರು.

ಒಳಗೆ ಏನು ನಡೆಯುತ್ತದೆ? ಬಹಳ ಜನ ಕರೆಂಟು ಕೊಡುತ್ತಾರೆಂದು ಹೆದರುತ್ತಾರೆ. ಸಿನಿಮಾ ಮಾಡಿದ ಉಪಕಾರ ಇದು. ನಡೆಯುವುದು ಮಾತು. ನಿಮ್ಮೊಡನೆ ಸ್ವಲ್ಪ ಹೊತ್ತು, ಮಗುವಿನೊಡನೆ ಪ್ರತ್ಯೇಕವಾಗಿ ಸ್ವಲ್ಪ ಹೊತ್ತು. ಆಗ ನಿಮ್ಮನ್ನು ಹೊರಗೆ ಕೂರಲು ಹೇಳಿದರೆ ಬೇಸರಪಡಬೇಡಿ. ಹೆತ್ತವರ ಮುಂದೆ ಹೇಳಲಾಗದ್ದು ಪ್ರತಿಯೊಬ್ಬ ಹರೆಯದವನಿಗೂ ಇರುತ್ತದೆ, ನಿಮಗೂ ಇತ್ತು. ಯಾರೋ ಮೈಮುಟ್ಟಿ ಹಿಂಸಿಸಿದ್ದು, ಹಾಸ್ಟೆಲಿನಲ್ಲಿ ದೊಡ್ಡ ಹುಡುಗರು ಕಾಡಿದ್ದು, ಪ್ರೀತಿ ಮುರಿದದ್ದು ಮೊದಲ ಸಲ ಹೊರಬೀಳುವುದು ಅನೇಕ ವೇಳೆ ಆ ಕೋಣೆಯಲ್ಲಿ. ಗುಟ್ಟು ಗುಟ್ಟಾಗಿಯೇ ಇರುತ್ತದೆ. ಅದು ರೋಗಿಯ ಹಕ್ಕೆಂದು ಕಾಯಿದೆ ಹೇಳುತ್ತದೆ. ಪ್ರಾಣಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮಾತ್ರ ವೈದ್ಯರು ಹೇಳಲೇಬೇಕಾಗುತ್ತದೆ. ಕರೆಂಟಿನ ಚಿಕಿತ್ಸೆಯನ್ನು ಹದಿನೆಂಟು ತುಂಬದವರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯಲ್ಲದೆ ಮಾನಸಿಕ ಆರೋಗ್ಯ ಮಂಡಳಿಯ ಅನುಮತಿಯೂ ಮುಂಚಿತವಾಗಿ ಬೇಕು. ಅಪರೂಪಕ್ಕೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕಾಗಿ ಬಂದರೆ ದೊಡ್ಡವರ ವಾರ್ಡಿನಲ್ಲಿ ಇರಿಸುವಂತಿಲ್ಲ. ಮನೆಯವರೊಬ್ಬರು ಉದ್ದಕ್ಕೂ ಜೊತೆಯಲ್ಲಿರಬೇಕು.

ಔಷಧದ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಮನೆಯಲ್ಲಿ ಜಗಳವಾಗುವುದು ಅಲ್ಲಿಯೇ. ಎಲ್ಲರಿಗೂ ಔಷಧ ಬೇಕಾಗುವುದಿಲ್ಲ. ಎಷ್ಟೋ ಮಕ್ಕಳಿಗೆ ಕ್ರಮವಾದ ಆಪ್ತಸಮಾಲೋಚನೆ, ನಿದ್ದೆ ಊಟಗಳ ಶಿಸ್ತು ಸಾಕಾಗುತ್ತದೆ. ಖಿನ್ನತೆಗೆ ಮಾತ್ರೆ ಬರೆದುಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. “ಎಂಟು ದಿನ ನುಂಗಿದ, ಏನೂ ಆಗಲಿಲ್ಲ” ಎಂದು ನಿಲ್ಲಿಸುವವರು ಬಹಳ. ಇನ್ನು ಕೆಲವರು ಎರಡು ತಿಂಗಳಲ್ಲಿ ಮಗ ನಕ್ಕ ಕೂಡಲೇ ನಿಲ್ಲಿಸುತ್ತಾರೆ. ಕಾಯಿಲೆ ಮತ್ತೆ ಬರುತ್ತದೆ, ಬಂದಾಗ ಡಾಕ್ಟರನ್ನು ಬೈಯುತ್ತಾರೆ. ಖಿನ್ನತೆಯ ಮಾತ್ರೆ ನಿದ್ದೆಯ ಮಾತ್ರೆಯಲ್ಲ, ಚಟ ಹಿಡಿಸುವಂಥದೂ ಅಲ್ಲ. ಆದರೆ ತಟಕ್ಕನೆ ನಿಲ್ಲಿಸಬಾರದು. ಈ ವಯಸ್ಸಿನವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ ಹೆಚ್ಚಾಗಬಹುದು, ಸಾಯುವ ಯೋಚನೆಯೂ ಬರಬಹುದು. ಆದ್ದರಿಂದ ಆಗ ಮಗುವಿನ ಮೇಲೆ ಕಣ್ಣಿರಬೇಕು, ಡಾಕ್ಟರು ಹೇಳಿದ ದಿನ ತಪ್ಪದೆ ಹೋಗಬೇಕು. ಮಾತ್ರೆ ಕೊಡುವ ಕೆಲಸ ಮಗುವಿನದಲ್ಲ, ನಿಮ್ಮದು. ಡಬ್ಬಿ ನಿಮ್ಮ ಬಳಿಯೇ ಇರಲಿ.

ಆಡಲು ಕಷ್ಟವಾದ ಮಾತೊಂದು ಉಳಿದಿದೆ. “ನಾನಿದ್ದು ಏನು ಪ್ರಯೋಜನ”, “ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ” ಎಂದು ಮಗು ಅಂದರೆ ಅದನ್ನು ನಾಟಕ ಎನ್ನಬೇಡಿ. ತನಗೆ ಬಹು ಪ್ರಿಯವಾದ ವಸ್ತುವನ್ನು ತಂಗಿಗೆ ಕೊಟ್ಟುಬಿಟ್ಟರೆ, ಬಹಳ ದಿನದ ಸಂಕಟದ ಮೇಲೆ ಇದ್ದಕ್ಕಿದ್ದಂತೆ ಶಾಂತನಾದರೆ ಎಚ್ಚರ. “ಸಾಯಬೇಕು ಅನ್ನಿಸುತ್ತಾ ಮಗಾ?” ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲವೆಂದು ಈ ವಿಷಯವನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಕೇಳಿದಾಗ ಒಳಗಿದ್ದದ್ದು ಹೊರಬರುತ್ತದೆ. ಹೌದು ಎಂದರೆ ಆ ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಕಡಲೇಕಾಯಿಗೆ, ದಾಳಿಂಬೆಗೆ ಹೊಡೆಯುವ ಔಷಧದ ಡಬ್ಬಿ ದನದ ಕೊಟ್ಟಿಗೆಯ ಮೂಲೆಯಲ್ಲಿಯೋ ಅಟ್ಟದ ಮೇಲೆಯೋ ಬಿದ್ದಿರುತ್ತದೆ. ಅದನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ, ಇಲ್ಲವೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸಾಯುವ ಯೋಚನೆ ಅನೇಕ ವೇಳೆ ಒಂದು ಗಳಿಗೆಯ ಬಿರುಗಾಳಿ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಗಾಳಿ ದಾಟಿಹೋಗುತ್ತದೆ. ಏನಾದರೂ ಆಗಿಯೇ ಹೋದರೆ 108ಕ್ಕೆ ಕರೆಮಾಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಿ. ಪೊಲೀಸ್ ಕೇಸಾಗುತ್ತದೆಂದು ಮುಚ್ಚಿಟ್ಟು ಹೊತ್ತು ಕಳೆದವರಿದ್ದಾರೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸಬಾರದು ಎಂದು 2017ರ ಕಾಯಿದೆ ಹೇಳಿತು. ಶಿಕ್ಷೆ ವಿಧಿಸುತ್ತಿದ್ದ ದಂಡಸಂಹಿತೆಯ 309ನೆಯ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಉಳಿದಿಲ್ಲ.

ಶಾಲೆಗೆ ಹೇಳಬೇಕೆ, ಬೇಡವೆ? ಇಡೀ ಶಾಲೆಗೆ ಬೇಡ. ನಂಬಿಕಸ್ಥರಾದ ಒಬ್ಬ ಮೇಷ್ಟರಿಗೆ ಹೇಳಿ, ಅದೂ ಮಗುವನ್ನು ಕೇಳಿಯೇ. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಹಂಗಿಸದಂತೆ, ಕೆಲವು ದಿನ ಹಾಜರಾತಿಯಲ್ಲಿ ಸಡಿಲ ಬಿಡುವಂತೆ ಅವರು ನೋಡಿಕೊಂಡರೆ ಅರ್ಧ ಔಷಧವೇ ಆಯಿತು. ಪರೀಕ್ಷೆಯ ವಿಷಯ ಹೇಳುವುದಾದರೆ, 2024ರಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ., ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳನ್ನು ಅದೇ ವರ್ಷದಲ್ಲಿ ಇನ್ನೊಮ್ಮೆ ಬರೆಯುವ ಅವಕಾಶ ಬಂದಿದೆ. ಶೈಕ್ಷಣಿಕ ಜಿಲ್ಲೆಯ ಸ್ಥಾನ ಒಂದು ಮೆಟ್ಟಿಲು ಇಳಿದರೆ ಇಳಿಯಲಿ.

ಮೊದಲ ಭೇಟಿ ಮುಗಿಸಿ ಬರುವಾಗ ಚೀಟಿಯಲ್ಲಿ ಮುಂದಿನ ದಿನಾಂಕ ಬರೆದುಕೊಟ್ಟಿರುತ್ತಾರೆ. ನಿಜವಾದ ಕಷ್ಟ ಆ ಎರಡನೆಯ ಭೇಟಿಯದು. ಬಿತ್ತನೆಯ ಹದ ಬಂದಿರುತ್ತದೆ, ನೆಂಟರ ಮನೆಯ ಮದುವೆ ಇರುತ್ತದೆ, ಹುಡುಗನೂ ಸ್ವಲ್ಪ ಗೆಲುವಾಗಿರುತ್ತಾನೆ, ಈ ಸಲ ಬಿಡೋಣ ಎನ್ನಿಸುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ, ಹಾಲು ಕರೆಯುವ ಏರ್ಪಾಟನ್ನು ಹಿಂದಿನ ದಿನವೇ ಮಾಡಿ, ಬೆಳಗಿನ ಮೊದಲ ಬಸ್ಸಿ‌ಗೆ ಹೊರಡಿ. ಕಿಟಕಿಯ ಪಕ್ಕದ ಸೀಟನ್ನು ಅವನಿಗೆ ಬಿಡಿ. ದಾರಿಯಲ್ಲಿ ಅವನು ಮಾತನಾಡದಿದ್ದರೂ ಚಿಂತೆಯಿಲ್ಲ.